ಆರು ನಿಮಿಷದ ಪುಟ್ಟ ಪ್ಲೇಟು: ರಸೆಲ್ ಮಾರಿಸ್ ಅವರ 'ದಿ ರಿಯಲ್ ಥಿಂಗ್'

ಏಳು ಇಂಚಿನ ಗ್ರಾಮಫೋನ್ ಪ್ಲೇಟು. 45 ಆರ್‌ಪಿಎಂ, ಅಂದರೆ ನಿಮಿಷಕ್ಕೆ 45 ಸುತ್ತು. ಆಸ್ಟ್ರೇಲಿಯಾದ ಇಎಂಐ ಕಂಪನಿ 1969ರಲ್ಲಿ ಕೊಲಂಬಿಯಾ ಲೇಬಲ್‌ನಲ್ಲಿ ಹೊರತಂದದ್ದು. ಒಂದು ಮಗ್ಗುಲಲ್ಲಿ ಆಸ್ಟ್ರೇಲಿಯಾದ ಪಾಪ್ ಗಾಯಕ ರಸೆಲ್ ಮಾರಿಸ್ ಹಾಡಿದ 'ದಿ ರಿಯಲ್ ಥಿಂಗ್'. ಇನ್ನೊಂದು ಮಗ್ಗುಲಲ್ಲಿ 'ಇಟ್ಸ್ ಓನ್ಲಿ ಎ ಮ್ಯಾಟರ್ ಆಫ್ ಟೈಮ್'. ಮೆಲ್ಬರ್ನ್‌ನಲ್ಲಿ ಹಳೆ ರೆಕಾರ್ಡ್ ಮಾರುವ ಒಂದು ಸಣ್ಣ ಅಂಗಡಿಯಲ್ಲಿ 25 ಡಾಲರ್ ಕೊಟ್ಟು ತಂದೆ. ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಇನ್ನೂ ಜಾಸ್ತಿ ಕೇಳಿದ್ದರೂ ಕೊಡುತ್ತಿದ್ದೆ.

ಈ ಹಾಡನ್ನು ಫೋನಿನಲ್ಲಿ ಬಿಟ್ಟಿಯಾಗಿ ಕೇಳಬಹುದು, ಪ್ಲೇಟು ಯಾಕೆ ಅಂತ ಕೇಳುವವರು ಇದ್ದಾರೆ. ಅವರಿಗಾಗಿಯೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಅರವತ್ತರ ದಶಕದ ಕೊನೆಯ ಆಸ್ಟ್ರೇಲಿಯಾದ ಸೈಕೆಡೆಲಿಕ್ ಪಾಪ್ ಹಾಡುಗಳು, ಅಂದರೆ ಕನಸಿನಲ್ಲಿ ತೇಲಿದಂಥ ವಿಚಿತ್ರ ಸದ್ದುಗಳ ಹಾಡುಗಳು, ಒಂದೊಂದಾಗಿ ಕೇಳಲಿಕ್ಕೆ ಹುಟ್ಟಿದವು. ಮೂರು ನಿಮಿಷ ರೇಡಿಯೋದಲ್ಲಿ ಬಂದು ಹೋಗುತ್ತಿದ್ದವು. ಇಷ್ಟವಾದರೆ ಅಂಗಡಿಗೆ ಹೋಗಿ ಆ ಒಂದು ಹಾಡನ್ನು ಕೊಂಡು ತರುತ್ತಿದ್ದೆವು. ಇಪ್ಪತ್ತೈದು ಹಾಡುಗಳನ್ನು ಒಂದರ ಹಿಂದೆ ಒಂದು ಜೋಡಿಸಿ ಸಿಡಿ ಮಾಡಿದರೆ, ಆರನೇ ಹಾಡಿನ ಹೊತ್ತಿಗೆ ಕಿವಿ ದಣಿಯುತ್ತದೆ. ಒಂದು ಹಾಡು ಕೇಳಿ, ಎದ್ದು ಹೋಗಿ, ಪ್ಲೇಟು ತೆಗೆದು, ಸ್ವಲ್ಪ ಹೊತ್ತು ಸುಮ್ನೆ ಕೂತರೆ ಮಾತ್ರ ಅದರ ರುಚಿ ಗೊತ್ತಾಗುವುದು.

ನಾನು 1968ರಲ್ಲಿ ಕೊಲಂಬೊ ಯೋಜನೆಯ ವಿದ್ಯಾರ್ಥಿವೇತನದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು ಮೆಲ್ಬರ್ನ್‌ಗೆ ಬಂದವನು. ಕಾರ್ಲ್‌ಟನ್‌ನಲ್ಲಿ ಒಂದು ಹಳೆ ಮನೆಯ ಮಹಡಿ ರೂಮಿನಲ್ಲಿ ಪೆನಾಂಗ್‌ನ ಒಬ್ಬ ಹುಡುಗನ ಜೊತೆ ಇದ್ದೆ. ಅವನದೊಂದು ಟ್ರಾನ್ಸಿಸ್ಟರ್ ಇತ್ತು. ಹಾಸನದಲ್ಲಿ ರೇಡಿಯೋ ಸಿಲೋನ್ ಕೇಳುತ್ತಾ ಬೆಳೆದವನು ನಾನು. ರಾತ್ರಿ ದೀಪ ಆರಿಸಿದ ಮೇಲೆ ಆ ಟ್ರಾನ್ಸಿಸ್ಟರ್ ಇಬ್ಬರ ಮಂಚದ ನಡುವಿನ ಕುರ್ಚಿಯ ಮೇಲೆ ಇರುತ್ತಿತ್ತು. 3ಯುಝಡ್ ಸ್ಟೇಷನ್ ಹಾಕುತ್ತಿದ್ದೆವು. ಅಲ್ಲಿ ಹಾಡು ಹಾಕುವ ನಿರೂಪಕರಾಗಿ ಸ್ಟ್ಯಾನ್ ರೋಫ್ ಇದ್ದರು. ಊರಿನ ಹುಡುಗರ ಹಾಡುಗಳಿಗೆ ಅವರಷ್ಟು ಜಾಗ ಕೊಟ್ಟವರು ಕಡಿಮೆ. ಆಗ ಆಸ್ಟ್ರೇಲಿಯಾದಲ್ಲಿ ಎಫ್ಎಂ ಇರಲಿಲ್ಲ. ಎಲ್ಲವೂ ಎಎಂ, ಒಂದೇ ಸ್ಪೀಕರ್, ಅಂಗೈಯಷ್ಟು ಅಗಲದ್ದು. ಹಾಡು ಮಾಡುವವರಿಗೂ ಇದು ಗೊತ್ತಿತ್ತು. ಆ ಪುಟ್ಟ ಸ್ಪೀಕರ್‌ನಲ್ಲಿ ಕೇಳಿದರೆ ಹೇಗಿರುತ್ತದೆ ಎಂದು ಯೋಚಿಸಿಯೇ ಧ್ವನಿ ಕೂಡಿಸುತ್ತಿದ್ದರು.

ಅಂಥ ಒಂದು ರಾತ್ರಿ ಈ ಹಾಡು ಬಂತು. ಗಿಟಾರ್ ಮೀಟುವುದರಿಂದ ಶುರು. ಒಬ್ಬ ಹುಡುಗನ ಗಂಟಲು, ಸಲೀಸಾಗಿ, ಎಲ್ಲಿಗೋ ಕರೆಯುವ ಹಾಗೆ. ಮೂರು ನಿಮಿಷ ಆಯಿತು, ಇನ್ನೇನು ಮುಗಿಯಿತು ಅಂದುಕೊಂಡೆವು. ಮುಗಿಯಲಿಲ್ಲ. ತಾಳ ನಿಲ್ಲಲಿಲ್ಲ. ಹಾಡುವವನು ದೂರ ಸರಿದ. ಅವನ ಜಾಗಕ್ಕೆ ಇನ್ನೇನೇನೋ ಬರತೊಡಗಿತು. ಪೆನಾಂಗ್‌ನ ಗೆಳೆಯ ಎದ್ದು ಕೂತು, ಸ್ಟೇಷನ್ ಬೇರೆ ಯಾವುದೋ ಜೊತೆ ಸೇರಿಕೊಂಡಿದೆ ಎಂದು ಗುಂಡಿ ತಿರುಗಿಸಲು ಹೋದ. ನಾನು ಕೈ ಹಿಡಿದೆ.

ಆಗ ರೇಡಿಯೋದವರಿಗೆ ಮೂರು ನಿಮಿಷಕ್ಕಿಂತ ಉದ್ದದ ಹಾಡು ಅಂದರೆ ತಲೆನೋವು. ಜಾಹೀರಾತು, ಸುದ್ದಿ, ಹವಾಮಾನ ಎಲ್ಲವೂ ಗಡಿಯಾರ ನೋಡಿಕೊಂಡು ನಡೆಯುತ್ತಿದ್ದವು. ಇದು ಆರು ನಿಮಿಷಕ್ಕೂ ಜಾಸ್ತಿ. ಆದರೂ ಹಾಕಿದರು, ಜನ ಮತ್ತೆ ಮತ್ತೆ ಕೇಳಿದರು. ಆ ವರ್ಷ ಆಸ್ಟ್ರೇಲಿಯಾದಲ್ಲಿ ಇದು ನಂಬರ್ ಒಂದಕ್ಕೆ ಏರಿತು.

ಹಾಡು ಬರೆದವರು ಜಾನಿ ಯಂಗ್. ಹಾಲೆಂಡಿನಲ್ಲಿ ಹುಟ್ಟಿ ಪರ್ತ್‌ನಲ್ಲಿ ಬೆಳೆದವರು. ಮೊದಲು ತಾವೇ ಪಾಪ್ ಗಾಯಕ, ಟೀವಿ ನಿರೂಪಕ. ಅವರು ಬರೆದಾಗ ಇದು ಗಿಟಾರ್ ಹಿಡಿದು ಹಾಡುವ ನಿಧಾನದ ಹಾಡು. ರಾನಿ ಬರ್ನ್ಸ್ ಎಂಬ ಇನ್ನೊಬ್ಬ ಗಾಯಕರಿಗೆ ಕೊಡಬೇಕು ಎಂದಿತ್ತು. ಅಷ್ಟರಲ್ಲಿ ಇಯಾನ್ ಮೆಲ್ಡ್ರಮ್ ಕಿವಿಗೆ ಬಿತ್ತು. ಎಲ್ಲರೂ 'ಮಾಲಿ' ಎಂದು ಕರೆಯುವ ಮೆಲ್ಡ್ರಮ್ ಆಗ 'ಗೋ-ಸೆಟ್' ಎಂಬ ಹುಡುಗ ಹುಡುಗಿಯರ ಸಂಗೀತ ಪತ್ರಿಕೆಯಲ್ಲಿ ಬರೆಯುತ್ತಿದ್ದರು. ಜೊತೆಗೆ ರಸೆಲ್ ಮಾರಿಸ್ ಅವರ ಕೆಲಸ ನೋಡಿಕೊಳ್ಳುತ್ತಿದ್ದರು. ಮಾರಿಸ್ ಮೆಲ್ಬರ್ನ್‌ನ ರಿಚ್ಮಂಡ್‌ನ ಹುಡುಗ, 'ಸಮ್‌ಬಡೀಸ್ ಇಮೇಜ್' ಎಂಬ ತಂಡ ಬಿಟ್ಟು ಒಬ್ಬನೇ ಹಾಡಲು ಹೊರಟಿದ್ದ ಹೊತ್ತು. ಮೆಲ್ಡ್ರಮ್ ಹಾಡನ್ನು ಅವರಿಗೆ ಕೊಡಿಸಿಬಿಟ್ಟರು.

ಪಾಪ, ರಾನಿ ಬರ್ನ್ಸ್. ಆದರೆ ಅವರಿಗೂ ಜಾನಿ ಯಂಗ್ ಆಮೇಲೆ 'ಸ್ಮೈಲಿ' ಬರೆದುಕೊಟ್ಟರು, ಅದು ಅವರ ಅತಿ ದೊಡ್ಡ ಹಾಡಾಯಿತು. ಅದರ ವಿಷಯ ಮುಂದೆ ಬರುತ್ತದೆ.

ರೆಕಾರ್ಡ್ ಮಾಡಿದ್ದು ಸೌತ್ ಮೆಲ್ಬರ್ನ್‌ನ ಆರ್ಮ್‌ಸ್ಟ್ರಾಂಗ್ ಸ್ಟುಡಿಯೋದಲ್ಲಿ. ಎಂಜಿನಿಯರ್ ಜಾನ್ ಸೇಯರ್ಸ್. ನುಡಿಸಿದವರು 'ದಿ ಗ್ರೂಪ್' ತಂಡದವರು: ಕೀಬೋರ್ಡ್‌ಗೆ ಬ್ರಯನ್ ಕ್ಯಾಡ್, ಬೇಸ್ ಗಿಟಾರ್‌ಗೆ ಡಾನ್ ಮೂಡಿ, ಡ್ರಮ್ಸ್‌ಗೆ ರಿಚರ್ಡ್ ರೈಟ್. ಶುರುವಿನ ಆ ಗಿಟಾರ್ 'ಝೂಟ್' ತಂಡದ ರಾಜರ್ ಹಿಕ್ಸ್ ಅವರದು. ಖರ್ಚು ಹತ್ತು ಸಾವಿರ ಡಾಲರ್ ಆಯಿತು ಎಂದು ಹೇಳುತ್ತಾರೆ. ಒಂದು ಪುಟ್ಟ ಪ್ಲೇಟಿಗೆ ಆ ಕಾಲದಲ್ಲಿ ಯಾರೂ ಹಾಕದಷ್ಟು ದುಡ್ಡು. ಕಂಪನಿಯವರ ಮುಖ ಹೇಗಾಗಿರಬೇಕು, ನೀವೇ ಊಹಿಸಿಕೊಳ್ಳಿ.

ನಾನು ಎಂಜಿನಿಯರಿಂಗ್ ಓದಿದವನು, ಟೇಪ್ ರೆಕಾರ್ಡರ್ ಬಿಚ್ಚಿ ಜೋಡಿಸಿದವನು. ಅದಕ್ಕೇ ಈ ಹಾಡಿನ ಒಳಗಿನ ಕೆಲಸ ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಹಾಡಿನ ನಡುವೆ ಇಡೀ ಸಂಗೀತವೇ ಸುರುಳಿ ಸುತ್ತುವ ಹಾಗೆ ಕೇಳಿಸುತ್ತದಲ್ಲ, ತಿರುಗುವ ಫ್ಯಾನಿನ ಮುಂದೆ ನಿಂತು ಮಾತಾಡಿದ ಹಾಗೆ, ಅದಕ್ಕೆ ಫ್ಲ್ಯಾಂಜಿಂಗ್ ಎನ್ನುತ್ತಾರೆ. ಒಂದೇ ಧ್ವನಿಯನ್ನು ಎರಡು ಟೇಪ್ ಯಂತ್ರಗಳಲ್ಲಿ ಒಟ್ಟಿಗೆ ಓಡಿಸಬೇಕು. ಒಂದು ಯಂತ್ರದ ಚಕ್ರದ ಅಂಚನ್ನು ಬೆರಳಿನಿಂದ ಮೆಲ್ಲಗೆ ಒತ್ತಬೇಕು. ಆ ಟೇಪು ಕೂದಲೆಳೆಯಷ್ಟು ಹಿಂದೆ ಬೀಳುತ್ತದೆ. ಆಗ ಎರಡು ಧ್ವನಿಗಳು ಒಂದಕ್ಕೊಂದು ಉಜ್ಜಿಕೊಂಡು, ಕೆಲವು ಸ್ವರ ಅಡಗಿ, ಕೆಲವು ಎದ್ದು ಬರುತ್ತವೆ. ಬೆರಳು ಬಿಟ್ಟರೆ ಮತ್ತೆ ಕೂಡಿಕೊಳ್ಳುತ್ತವೆ. ಇವತ್ತು ಒಂದು ಗುಂಡಿ ಒತ್ತಿದರೆ ಆಗುವ ಕೆಲಸ. ಆಗ ಅದು ಬೆರಳಿನ ಹದ. ಸ್ವಲ್ಪ ಜಾಸ್ತಿ ಒತ್ತಿದರೆ ಹಾಡು ಹಾಳು, ಮತ್ತೆ ಮೊದಲಿನಿಂದ.

ಬೇರೆ ಬೇರೆ ತುಂಡುಗಳನ್ನು ಸೇರಿಸುವುದಕ್ಕೂ ಬ್ಲೇಡೇ ಗತಿ. ಟೇಪನ್ನು ಓರೆಯಾಗಿ ಕತ್ತರಿಸಿ, ಅಂಟು ಪಟ್ಟಿ ಹಾಕಿ ಜೋಡಿಸಬೇಕು. ಈ ಹಾಡಿನ ಕೊನೆಯ ಎರಡು ಮೂರು ನಿಮಿಷದಲ್ಲಿ ಎಷ್ಟೊಂದು ಸೇರಿಸಿದ್ದಾರೆ! ಯಂತ್ರದೊಳಗಿಂದ ಬಂದ ಹಾಗೆ ಒಂದು ಗಂಟಲು ಏನೋ ಓದುತ್ತದೆ. ಅದು ಮೆಲ್ಡ್ರಮ್. ಓದುತ್ತಿರುವುದು ಆಂಪೆಕ್ಸ್ ಟೇಪಿನ ಡಬ್ಬಿಯ ಮೇಲೆ ಅಚ್ಚಾಗಿದ್ದ ಕಂಪನಿಯ ಒಕ್ಕಣೆ. ಅದರ ಹಿಂದೆಯೇ ಹಿಟ್ಲರನ ಕಾಲದ ಹುಡುಗರ ಸಮೂಹಗಾನ ಬರುತ್ತದೆ. ಅದು ಏರಿ ಏರಿ ಕೊನೆಗೆ ಅಣುಬಾಂಬಿನ ಸ್ಫೋಟ. ಅಲ್ಲಿಗೆ ಹಾಡು ಮುಗಿಯಿತು.

ಇದನ್ನು ಬರೀ ಸದ್ದಿನ ಆಟ ಎನ್ನುವವರು ಇದ್ದಾರೆ. ನಾನು ಒಪ್ಪುವುದಿಲ್ಲ. 1969ರ ಮೆಲ್ಬರ್ನ್‌ನಲ್ಲಿ ಇಪ್ಪತ್ತು ವರ್ಷದ ಹುಡುಗನಾಗಿರುವುದು ಅಂದರೆ ಏನು ಗೊತ್ತಾ? ಸರ್ಕಾರ ಹುಟ್ಟಿದ ತಾರೀಕುಗಳ ಗೋಲಿಗಳನ್ನು ಒಂದು ಪೀಪಾಯಿಯಲ್ಲಿ ಹಾಕಿ ತಿರುಗಿಸುತ್ತಿತ್ತು. ನಿನ್ನ ತಾರೀಕು ಬಂದರೆ ನೀನು ಸೈನ್ಯಕ್ಕೆ. ಅಲ್ಲಿಂದ ವಿಯೆಟ್ನಾಂಗೆ ಹೋದರೂ ಹೋದೆ. ಆ ಕಾಲದ ದೊಡ್ಡ ಪಾಪ್ ಗಾಯಕ ನಾರ್ಮಿ ರೋ ಅವರನ್ನೇ 1968ರಲ್ಲಿ ಸೈನ್ಯ ಕರೆದುಕೊಂಡಿತು. ಅವರು ವಿಯೆಟ್ನಾಂಗೆ ಹೋದರು. ಮೇಲೆ ಹೇಳಿದೆನಲ್ಲ, 'ಸ್ಮೈಲಿ' ಅಂತ, ಅದನ್ನು ಜಾನಿ ಯಂಗ್ ಬರೆದದ್ದು ಆ ನೋವಿನಲ್ಲೇ. ನನ್ನ ತರಗತಿಯ ಹುಡುಗರೂ ಪೀಪಾಯಿಯ ದಿನ ಪೇಪರ್ ಹಿಡಿದು ಸುಮ್ಮನೆ ಕೂತಿದ್ದನ್ನು ಕಂಡಿದ್ದೇನೆ. ಹೊರದೇಶದವನಾದ ನನ್ನ ತಾರೀಕು ಆ ಪೀಪಾಯಿಯಲ್ಲಿ ಇರಲಿಲ್ಲ. ಅವರ ಪಕ್ಕ ಕೂತಾಗ ಏನು ಮಾತಾಡಬೇಕು ಗೊತ್ತಾಗುತ್ತಿರಲಿಲ್ಲ. ಆ ಹುಡುಗರ ರೂಮುಗಳಲ್ಲಿ ಈ ಹಾಡು ಕೇಳಿದವನಿಗೆ ಕೊನೆಯ ಸ್ಫೋಟ ಆಟ ಅನ್ನಿಸುವುದಿಲ್ಲ.

ಈಗ ಪ್ಲೇಟಿನ ವಿಷಯಕ್ಕೆ ಬರುತ್ತೇನೆ, ಕೊಳ್ಳುವವರಿಗೆ ಬೇಕಾದದ್ದು ಅದೇ ಅಲ್ವಾ.

ಏಳು ಇಂಚಿನ ಪ್ಲೇಟಿನ ಒಂದು ಮಗ್ಗುಲಿಗೆ ಮೂರು ನಿಮಿಷ ಹದವಾದ ಉದ್ದ. ಆರು ನಿಮಿಷ ತುಂಬಬೇಕಾದರೆ ಗೀರುಗಳನ್ನು ಒತ್ತೊತ್ತಾಗಿ ಕೊರೆಯಬೇಕು. ಒತ್ತೊತ್ತಾಗಿ ಕೊರೆದಾಗ ಧ್ವನಿಯನ್ನು ಸ್ವಲ್ಪ ತಗ್ಗಿಸಬೇಕು, ಇಲ್ಲದಿದ್ದರೆ ಪಕ್ಕದ ಗೀರಿಗೆ ತಾಗುತ್ತದೆ. ಹಾಗಾಗಿ ಈ ಪ್ಲೇಟು ಬೇರೆ ಸಿಂಗಲ್‌ಗಳಿಗಿಂತ, ಅಂದರೆ ಒಂದೊಂದು ಹಾಡಿನ ಪುಟ್ಟ ಪ್ಲೇಟುಗಳಿಗಿಂತ, ಮೆತ್ತಗೆ ಕೇಳಿಸುತ್ತದೆ. ಅದು ದೋಷ ಅಲ್ಲ. ವಾಲ್ಯೂಮ್ ಏರಿಸಿ. ಧೈರ್ಯವಾಗಿ ಏರಿಸಿ. ಬೇಸ್ ಗಿಟಾರ್ ಎದೆಗೆ ತಾಗುವಷ್ಟು ಬಂದಾಗ ಹಾಡು ತನ್ನ ಅಳತೆಗೆ ಬರುತ್ತದೆ.

ಇನ್ನೊಂದು ಮುಖ್ಯ ಸಂಗತಿ. ಪ್ಲೇಟು ತಿರುಗುವ ವೇಗ ಒಂದೇ. ಆದರೆ ಮುಳ್ಳು ಒಳಗೆ ಹೋದಂತೆ ಸುತ್ತು ಚಿಕ್ಕದಾಗುತ್ತದೆ. ಹೊರ ಅಂಚಿನಲ್ಲಿ ಉದ್ದವಾಗಿ ಹರಡಿದ್ದ ಧ್ವನಿ ಒಳಗೆ ಇಕ್ಕಟ್ಟಿನಲ್ಲಿ ಕೂರಬೇಕು. ಹಾಗಾಗಿ ಯಾವ ಪ್ಲೇಟಿನಲ್ಲೂ ಕೊನೆಯ ಭಾಗದ ಧ್ವನಿ ಸ್ವಲ್ಪ ಒಡಕು. ಸಾಧಾರಣ ಹಾಡು ಅಲ್ಲಿ ಮೆಲ್ಲಗೆ ಮರೆಯಾಗುವುದರಿಂದ ಗೊತ್ತಾಗುವುದಿಲ್ಲ. ಈ ಹಾಡಿನಲ್ಲಿ ಅತಿ ದೊಡ್ಡ ಗದ್ದಲ, ಸಮೂಹಗಾನ, ಸ್ಫೋಟ ಎಲ್ಲ ಇರುವುದು ಅಲ್ಲೇ! ಮೊದಲ ಒಡೆಯ ಸವೆದ ಮುಳ್ಳಿನಲ್ಲಿ ನೂರಾರು ಸಲ ಹಾಕಿದ್ದರೆ, ಆ ಜಾಗದಲ್ಲಿ ಬರೀ ಕರಕರ ಉಳಿದಿರುತ್ತದೆ. ಅಂಗಡಿಯಲ್ಲಿ ಪರೀಕ್ಷೆ ಮಾಡುವಾಗ ಹಾಡಿನ ಶುರು ಕೇಳಿ ಖುಷಿಪಟ್ಟು ದುಡ್ಡು ಕೊಡಬೇಡಿ. ಕೊನೆಯ ಅರ್ಧ ಇಂಚು ಹಾಕಿಸಿ ಕೇಳಿ. ಸ್ಫೋಟ ಸ್ಫೋಟದ ಹಾಗೆ ಕೇಳಿಸಿದರೆ ತಗೊಳ್ಳಿ. ನಾನು ತಂದ ಪ್ರತಿಯಲ್ಲಿ ಶುರುವಿನಲ್ಲಿ ಒಂದಿಷ್ಟು ಚಟಪಟ ಇದೆ. ಕೊನೆ ಮಾತ್ರ ಸೊಗಸಾಗಿದೆ. ಅದಕ್ಕೇ ಕೊಂಡೆ.

ಪ್ಲೇಟನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಬಾಗಿದೆಯೋ ನೋಡುವುದನ್ನೂ ಮರೆಯಬೇಡಿ. ಅಂಚೆಯಲ್ಲಿ ತರಿಸಿದ ಇನ್ನೊಂದು ಪ್ರತಿ ತೆಳು ಲಕೋಟೆಯಲ್ಲಿ ಬಂದು ಬಿಸಿಲಿಗೆ ಬಾಗಿತ್ತು. ಮುಳ್ಳು ನಿಲ್ಲಲೇ ಇಲ್ಲ. ಬೇಸಿಗೆಯಲ್ಲಿ ಅಂಚೆಯ ವ್ಯಾಪಾರ ಬೇಡ.

ಹೊದಿಕೆ ಬಗ್ಗೆ ಹೇಳುವುದು ಏನೂ ಇಲ್ಲ. ಕಂಪನಿಯ ಕಾಗದದ ಚೀಲ, ಅಷ್ಟೇ. ಎರಡನೇ ಮಗ್ಗುಲಿನ ಹಾಡೂ ಪರವಾಗಿಲ್ಲ. ಅದಕ್ಕಾಗಿ ಯಾರೂ ಇದನ್ನು ಕೊಳ್ಳುವುದಿಲ್ಲ.

ಹೊಸ ಕಿವಿಗೆ ಹೇಗೆ ಕೇಳಿಸುತ್ತದೆ ಎಂಬ ಕುತೂಹಲ ಇತ್ತು. ಇಲ್ಲೇ ಹುಟ್ಟಿ ಬೆಳೆದ ನನ್ನ ಮೊಮ್ಮಗಳನ್ನು ಕೂರಿಸಿಕೊಂಡು ಹಾಕಿದೆ. ಸುರುಳಿ ಸುತ್ತುವ ಭಾಗ ಬಂದಾಗ ತಲೆ ಎತ್ತಿದಳು.

"ತಾತ, ಪ್ಲೇಟು ಕೆಟ್ಟುಹೋಗಿದ್ಯಾ?"

"ಇಲ್ಲ ಪುಟ್ಟಿ, ಅದು ಇರೋದೇ ಹಾಗೆ. ಮುಗಿಯೋವರೆಗೂ ಕೇಳು."

ಕೇಳಿದಳು. ಸ್ಫೋಟ ಆದ ಮೇಲೆ ಮುಳ್ಳು ಒಳಸುತ್ತಿನಲ್ಲಿ ತಿರುಗುತ್ತಿತ್ತು. "ಇನ್ನೊಂದ್ಸಲ ಹಾಕು ತಾತ" ಅಂದಳು. ಆಮೇಲೆ ಹಾಡುವ ಭಾಗ ಬಿಟ್ಟು, ನೇರ ನಡುವಿನಿಂದ ಹಾಕು ಅಂದಳು. ಅವಳಿಗೆ ಅದೇ ಇಷ್ಟವಾಗಿತ್ತು.

ಫೋನಿನಲ್ಲಿ ಸಿಗುವ ಆವೃತ್ತಿಗಳನ್ನೂ ಹೋಲಿಸಿ ನೋಡಿದೆ. ಶುಭ್ರವಾಗಿವೆ. ಚಟಪಟ ಇಲ್ಲ. ಆದರೆ ನಾನು ಕೇಳಿದವುಗಳಲ್ಲಿ ಮೆತ್ತನೆಯ ಜಾಗವನ್ನೂ ಜೋರು ಜಾಗವನ್ನೂ ಒಂದೇ ಎತ್ತರಕ್ಕೆ ತಂದುಬಿಟ್ಟಿದ್ದಾರೆ. ಹಾಡು ಏರುವುದೇ ಇಲ್ಲ. ಈ ಹಾಡಿನ ಜೀವ ಇರುವುದು ಏರುವುದರಲ್ಲಿ. ಫೋನಿನಲ್ಲೇ ಕೇಳುವುದಾದರೆ ಉದ್ದ ನೋಡಿಕೊಳ್ಳಿ. ಆರು ನಿಮಿಷಕ್ಕಿಂತ ಕಡಿಮೆ ಇದ್ದರೆ ಅದು ಮೊಟಕು ಮಾಡಿದ್ದು, ಬೇಡ.

ಇದರ ಮುಂದಿನ ಪ್ಲೇಟು 'ಪಾರ್ಟ್ ತ್ರೀ ಇಂಟು ಪೇಪರ್ ವಾಲ್ಸ್'. ಅದೂ 1969ರದ್ದೇ, ಅದೂ ಉದ್ದ, ಅದೂ ನಂಬರ್ ಒಂದಕ್ಕೆ ಹೋಯಿತು. ಜಾನಿ ಯಂಗ್ ಜೊತೆ ಮಾರಿಸ್ ಅವರೂ ಸೇರಿ ಬರೆದದ್ದು. ಜನ ಅದನ್ನು ಮರೆತಿದ್ದಾರೆ. ನನಗೆ ಅದರ ಗಾಯನ ಇನ್ನೂ ಹೆಚ್ಚು ಇಷ್ಟ. ಆದರೆ ಮೊದಲ ಸಲ ಬಾಗಿಲು ಒಡೆದದ್ದು ಇದು. ಮೊದಲು ಇದನ್ನೇ ಕೊಳ್ಳಿ.

ಒಂದು ಪ್ಲೇಟು ಕೊಂಡ ಮೇಲೆ ಪಕ್ಕದ ಡಬ್ಬಿಗೆ ಕೈ ಹೋಗಿಯೇ ಹೋಗುತ್ತದೆ. ಹಾಗಾಗಿ ಅದರ ಸುತ್ತಲಿನವುಗಳ ಬಗ್ಗೆಯೂ ಹೇಳುತ್ತೇನೆ.

'ಈಸಿಬೀಟ್ಸ್' ತಂಡ ಹಾಡಿದ 'ಫ್ರೈಡೇ ಆನ್ ಮೈ ಮೈಂಡ್' 1966ರದ್ದು. ನಾನು ಬರುವ ಹೊತ್ತಿಗೆ ಹಳೆಯದಾಗಿತ್ತು. ಆದರೂ ಶುಕ್ರವಾರ ಸಂಜೆ ಟ್ರಾಮಿನಲ್ಲಿ ಯಾರಾದರೂ ಒಬ್ಬರು ಅದನ್ನು ಗುನುಗದೆ ಇರುತ್ತಿರಲಿಲ್ಲ. ಲಂಡನ್‌ನಲ್ಲಿ ಶೆಲ್ ಟಾಲ್ಮಿ ಎಂಬ ನಿರ್ಮಾಪಕರ ಕೈಯಲ್ಲಿ ರೆಕಾರ್ಡ್ ಆಗಿದ್ದು. ಬ್ರಿಟನ್ನಿನಲ್ಲಿ ಆರನೇ ಸ್ಥಾನದವರೆಗೂ ಹೋಯಿತು. ಈ ಹುಡುಗರು ಒಟ್ಟು ಸೇರಿದ್ದು ಸಿಡ್ನಿಯ ವಿಲ್ಲಾವುಡ್ ವಲಸಿಗರ ಹಾಸ್ಟೆಲ್‌ನಲ್ಲಿ. ಹ್ಯಾರಿ ವಾಂಡ, ಡಿಕ್ ಡೈಮಂಡ್ ಹಾಲೆಂಡಿನವರು. ಜಾರ್ಜ್ ಯಂಗ್ ಸ್ಕಾಟ್ಲೆಂಡಿನವರು. ಸ್ಟೀವಿ ರೈಟ್, ಸ್ನೋವಿ ಫ್ಲೀಟ್ ಇಂಗ್ಲೆಂಡಿನವರು. ಆಸ್ಟ್ರೇಲಿಯಾದ ಹಾಡು ಎಂದು ಜಗತ್ತು ಮೆಚ್ಚಿದ್ದನ್ನು ಮಾಡಿದ ಐವರಲ್ಲಿ ಒಬ್ಬರೂ ಅಲ್ಲಿ ಹುಟ್ಟಿದವರಲ್ಲ! ಪರದೇಶಿ ಹುಡುಗನಾಗಿ ಬಂದ ನನಗೆ ಈ ಸಂಗತಿ ಗೊತ್ತಾದಾಗ ಆದ ಸಂತೋಷ ದೊಡ್ಡದು. ಜಾರ್ಜ್ ಯಂಗ್ ಅವರ ತಮ್ಮಂದಿರು ಮಾಲ್ಕಮ್ ಮತ್ತು ಆಂಗಸ್ 1973ರಲ್ಲಿ ಎಸಿ/ಡಿಸಿ ಎಂಬ ರಾಕ್ ತಂಡ ಕಟ್ಟಿದರು. ವಾಂಡ ಮತ್ತು ಜಾರ್ಜ್ ಯಂಗ್ ಬರೆದ 'ಪೆಕ್ಯುಲಿಯರ್ ಹೋಲ್ ಇನ್ ದಿ ಸ್ಕೈ' ಹಾಡನ್ನು 1968ರಲ್ಲಿ ಹಾಡಿದ್ದು ಪರ್ತ್‌ನ 'ವ್ಯಾಲೆಂಟೈನ್ಸ್' ತಂಡ. ಅದರ ಗಾಯಕರಲ್ಲಿ ಒಬ್ಬರು ಬಾನ್ ಸ್ಕಾಟ್. ಆಮೇಲೆ ಎಸಿ/ಡಿಸಿಯಲ್ಲಿ ಗುಡುಗಿದ ಅದೇ ಗಂಟಲು. ಎಸಿ/ಡಿಸಿ ಕೇಳಿ ಬೆಳೆದವರು ಆ ಪ್ಲೇಟು ಒಮ್ಮೆ ಕೇಳಬೇಕು.

ಅಡಿಲೇಡ್‌ನದು ಬೇರೆಯೇ ಕಥೆ. ಅದರ ಉತ್ತರಕ್ಕೆ ಎಲಿಝಬೆತ್ ಎಂಬ ಹೊಸ ಊರು. ಬ್ರಿಟನ್ನಿನಿಂದ ಬಂದ ಕಾರ್ಮಿಕರ ಮನೆಗಳು, ಕಾರ್ ಕಾರ್ಖಾನೆ. 'ಟ್ವೈಲೈಟ್ಸ್' ತಂಡ ಬೆಳೆದದ್ದು ಅಂಥ ಮನೆಗಳ ಹುಡುಗರಿಂದ. 1966ರಲ್ಲಿ ಹೋಡ್ಲೀಸ್ ಎಂಬ ಮಿಠಾಯಿ ಕಂಪನಿ ನಡೆಸುತ್ತಿದ್ದ ತಂಡಗಳ ಸ್ಪರ್ಧೆ ಗೆದ್ದರು. ಬಹುಮಾನ ಹಡಗಿನಲ್ಲಿ ಲಂಡನ್ ಪ್ರಯಾಣ. ಅಲ್ಲಿ ಇಎಂಐನ ಆಬಿ ರೋಡ್ ಸ್ಟುಡಿಯೋದಲ್ಲಿ ಹಾಡಿ ಬಂದರು. ಗ್ಲೆನ್ ಶೋರಾಕ್ ಅವರ ಗಂಟಲು, ಟೆರ್ರಿ ಬ್ರಿಟನ್ ಅವರ ಗಿಟಾರ್ ಮತ್ತು ಹಾಡುಗಳು. 1967ರ 'ಕ್ಯಾಥಿ ಕಮ್ ಹೋಮ್' ಸಿಕ್ಕರೆ ಬಿಡಬೇಡಿ. 1968ರ ಅವರ 'ಒನ್ಸ್ ಅಪಾನ್ ಎ ಟ್ವೈಲೈಟ್' ಎಲ್‌ಪಿಯಲ್ಲಿ, ಅಂದರೆ ಹಲವು ಹಾಡುಗಳ ದೊಡ್ಡ ಪ್ಲೇಟಿನಲ್ಲಿ, 'ದೇವೇಂದ್ರ' ಎಂಬ ಹಾಡಿದೆ. ಅಂಗಡಿಯಲ್ಲಿ ಆ ಹೆಸರು ಓದಿ ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಮನೆಯಿಂದ ಅಷ್ಟು ದೂರದಲ್ಲಿ, ಅಡಿಲೇಡ್ ಹುಡುಗರ ಪ್ಲೇಟಿನ ಮೇಲೆ, ನಮ್ಮ ಚಿಕ್ಕಪ್ಪನ ಹೆಸರು! ಆದರೆ ಮೂಲ ಎಲ್‌ಪಿಗೆ ಬೆಲೆ ವಿಪರೀತ. ಮರುಮುದ್ರಣ ತಗೊಳ್ಳಿ, ಸಾಕು.

ಅಡಿಲೇಡ್‌ನ ಇನ್ನೊಂದು ತಂಡ 'ಮಾಸ್ಟರ್ಸ್ ಅಪ್ರೆಂಟಿಸಸ್'. ಅವರ 'ಲಿವಿಂಗ್ ಇನ್ ಎ ಚೈಲ್ಡ್ಸ್ ಡ್ರೀಮ್' 1967ರದ್ದು. ಗೋ-ಸೆಟ್ ಓದುಗರು ಆ ವರ್ಷದ ಆಸ್ಟ್ರೇಲಿಯಾದ ಹಾಡು ಎಂದು ಆರಿಸಿದ್ದು ಇದನ್ನೇ. ಬರೆದವರು ತಂಡದ ಮಿಕ್ ಬೋವರ್. ಯುದ್ಧದ ಬಗ್ಗೆ 'ವಾರ್ ಆರ್ ಹ್ಯಾಂಡ್ಸ್ ಆಫ್ ಟೈಮ್' ಬರೆದವರೂ ಅವರೇ. ಅದು 1966ರ 'ಅನ್‌ಡಿಸೈಡೆಡ್' ಪ್ಲೇಟಿನ ಹಿಂದಿನ ಮಗ್ಗುಲು. ಆದರೆ ಊರೂರು ಸುತ್ತಾಟ, ಹುಡುಗಿಯರ ಕಿರುಚಾಟ ಅವರಿಗೆ ತಡೆಯಲಾಗಲಿಲ್ಲ. ಮನಸ್ಸು ಕುಸಿದು 1967ರಲ್ಲೇ ತಂಡ ಬಿಟ್ಟರು. ತಮ್ಮ ಅತಿ ಸುಂದರ ಹಾಡು ಜನರ ಬಾಯಲ್ಲಿ ಇದ್ದ ವರ್ಷವೇ ಹಾಗಾಯಿತು. ಆ ಪ್ಲೇಟು ಹಾಕಿದಾಗಲೆಲ್ಲ ನನಗೆ ಅವರ ನೆನಪು. ತಂಡವನ್ನು ಮುಂದಕ್ಕೆ ಎಳೆದವರು ಗಾಯಕ ಜಿಮ್ ಕೀಸ್. ಅವರನ್ನು ಮೆಲ್ಬರ್ನ್‌ನ 'ಬರ್ಟೀಸ್' ಎಂಬ ಡಿಸ್ಕೋದಲ್ಲಿ ನೋಡಿದ್ದೇನೆ. ಅಲ್ಲಿ ಮದ್ಯ ಇರಲಿಲ್ಲ. ಕಾಫಿ, ತಂಪು ಪಾನೀಯ, ಮತ್ತೆ ಕಿವಿ ತೂತಾಗುವ ಸದ್ದು. ನನ್ನಂಥ ವಿದ್ಯಾರ್ಥಿಗೆ ಅದು ಬಹಳ ಅನುಕೂಲ. ವಾದ್ಯದ ಅಬ್ಬರದಲ್ಲಿ ಒಂದು ಪದವೂ ಕೇಳಿಸಲಿಲ್ಲ. ಹೊರಗೆ ಬಂದಾಗ ಟ್ರಾಮು ನಿಂತುಹೋಗಿತ್ತು. ಕಾರ್ಲ್‌ಟನ್‌ವರೆಗೂ ಹಾಡಿಕೊಂಡು ನಡೆದೆವು.

ಟೀವಿಯ ಮಾತೂ ಹೇಳಲೇಬೇಕು. ಶನಿವಾರ ಬೆಳಿಗ್ಗೆ 'ಅಪ್‌ಟೈಟ್' ಎಂಬ ಕಾರ್ಯಕ್ರಮ, ರಾಸ್ ಡಿ. ವೈಲಿ ನಡೆಸುತ್ತಿದ್ದರು. ನಾಲ್ಕು ಗಂಟೆ ಬರೀ ಪಾಪ್. ಮನೆ ಒಡತಿ ತಮ್ಮ ಮುಂದಿನ ಕೋಣೆಯಲ್ಲಿ ಕೂರಲು ಬಿಡುತ್ತಿದ್ದರು. ಝೂಟ್ ತಂಡದವರು ಅಡಿಯಿಂದ ಮುಡಿಯವರೆಗೂ ಗುಲಾಬಿ ಬಟ್ಟೆ ಹಾಕುತ್ತಿದ್ದರು. ಅವರ ಪ್ರಚಾರವೇ ಗುಲಾಬಿ ಬಣ್ಣ. ಆದರೆ ಆಸ್ಟ್ರೇಲಿಯಾಕ್ಕೆ ಬಣ್ಣದ ಟೀವಿ ಬಂದದ್ದು 1975ರಲ್ಲಿ. ನಾವು ನೋಡಿದ ಗುಲಾಬಿ ಎಲ್ಲ ಬೂದಿ. ಸೈಕೆಡೆಲಿಕ್ ಕಾಲದ ಅಷ್ಟೂ ಬಣ್ಣವನ್ನು ನಾವು ಕಪ್ಪು ಬಿಳುಪಿನಲ್ಲೇ ಕಂಡೆವು. ಬಣ್ಣ ತುಂಬುವ ಕೆಲಸ ಪೂರ್ತಿ ಕಿವಿಯ ಪಾಲಿಗೆ ಬಿತ್ತು. ಈ ಹಾಡುಗಳಲ್ಲಿ ಸುರುಳಿ, ತಿರುವು, ಹಿಂದುಮುಂದಾದ ಸದ್ದು ಇಷ್ಟೊಂದು ಯಾಕೆ ಎಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಸಿಡ್ನಿಯ 'ಡೇವ್ ಮಿಲ್ಲರ್ ಸೆಟ್' ಹಾಡಿದ 'ಮಿಸ್ಟರ್ ಗೈ ಫಾಕ್ಸ್' ಕೂಡ 1969ರದ್ದೇ. ನಿರ್ಮಾಪಕ ಪ್ಯಾಟ್ ಆಲ್ಟನ್. ಸುರ್ ಎನ್ನುವ ಫ್ಲ್ಯಾಂಜಿಂಗ್, ದೊಡ್ಡ ವಾದ್ಯಮೇಳ. ರಿಯಲ್ ಥಿಂಗ್ ಇಷ್ಟವಾದವರಿಗೆ ಖಂಡಿತ ಇಷ್ಟವಾಗುತ್ತದೆ.

1970ರಲ್ಲಿ ಎಲ್ಲ ಕದಡಿತು. ಹಾಡು ಹಾಕಲು ದುಡ್ಡು ಕೊಡಿ ಎಂದು ರೆಕಾರ್ಡ್ ಕಂಪನಿಗಳು ಕೇಳಿದವು. ಖಾಸಗಿ ರೇಡಿಯೋದವರು ಒಪ್ಪಲಿಲ್ಲ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ದೊಡ್ಡ ಕಂಪನಿಗಳ ಆಸ್ಟ್ರೇಲಿಯಾ ಮತ್ತು ಬ್ರಿಟನ್ನಿನ ಹಾಡುಗಳು ರೇಡಿಯೋದಲ್ಲಿ ಬರಲೇ ಇಲ್ಲ. ನಮ್ಮ ಟ್ರಾನ್ಸಿಸ್ಟರ್ ಒಮ್ಮೆಲೇ ಬೇರೆ ಊರಿನದಾಯಿತು. ಜಗಳ ಮುಗಿಯುವ ಹೊತ್ತಿಗೆ ತಂಡಗಳೂ ಬದಲಾಗಿದ್ದವು, ರುಚಿಯೂ ಬದಲಾಗಿತ್ತು. ಹಾಡು ಉದ್ದವಾಯಿತು, ಗಿಟಾರ್ ಭಾರವಾಯಿತು, ಎಲ್‌ಪಿ ಬೇಕಾಯಿತು. ನಾನೂ ಓದು ಮುಗಿಸಿ ವಾಪಸ್ ಹೋದೆ. ಪೆಟ್ಟಿಗೆಯಲ್ಲಿ ಪುಸ್ತಕಗಳಿಗೇ ಜಾಗ ಇರಲಿಲ್ಲ. ಪ್ಲೇಟುಗಳನ್ನೆಲ್ಲ ಪೆನಾಂಗ್ ಗೆಳೆಯನಿಗೆ ಕೊಟ್ಟೆ. ಮುಂದೆ ಕೆಲಸದ ಮೇಲೆ ಮತ್ತೆ ಬಂದು ಇಲ್ಲೇ ನೆಲೆಸಿದೆ. ಆ ಪ್ಲೇಟುಗಳನ್ನು ಈಗ ಒಂದೊಂದಾಗಿ ಮತ್ತೆ ಕೂಡಿಸುತ್ತಿದ್ದೇನೆ.

ಹೊಸದಾಗಿ ಶುರು ಮಾಡುವವರಿಗೆ ಎರಡು ಮಾತು. ಅಗ್ಗದ ಸೂಟ್‌ಕೇಸ್ ಪ್ಲೇಯರ್ ಬೇಡ. ನಾನು ನೋಡಿದವುಗಳಲ್ಲಿ ಮುಳ್ಳಿನ ಭಾರ ಜಾಸ್ತಿ, ಒಳಗೀರು ಬೇಗ ಸವೆಯುತ್ತದೆ. ಹಳೆಯದಾದರೂ ತೂಕ ಸರಿಮಾಡಬಹುದಾದ ಪ್ಲೇಯರ್ ತಗೊಳ್ಳಿ, ಮುಳ್ಳು ಹೊಸದು ಹಾಕಿಸಿ. ಪ್ಲೇಟನ್ನು ತೊಳೆದು, ಒಣಗಿಸಿ, ಆಮೇಲೆ ಹಾಕಿ. ನಾನು ಅಂಗಡಿಯಿಂದ ತಂದಾಗ ಇದ್ದ ಚಟಪಟದಲ್ಲಿ ಅರ್ಧ ಬರೀ ಧೂಳೇ ಆಗಿತ್ತು.

ರಿಯಲ್ ಥಿಂಗ್ ಬಹಳ ಮಾರಾಟವಾದ ಪ್ಲೇಟು, ಹಾಗಾಗಿ ಹುಡುಕಿದರೆ ಸಿಗುತ್ತದೆ. ಒಂದು ಪ್ರತಿ ಸವೆದಿದ್ದರೆ ಅಲ್ಲೇ ಬಿಡಿ, ಇನ್ನೊಂದು ಬರುತ್ತದೆ. ಅದೇ ಡಬ್ಬಿಯಲ್ಲಿ 'ಲಿವಿಂಗ್ ಇನ್ ಎ ಚೈಲ್ಡ್ಸ್ ಡ್ರೀಮ್' ಇದ್ದು, ಜೇಬಿನಲ್ಲಿ ಒಂದಕ್ಕೇ ದುಡ್ಡಿದ್ದರೆ, ಆವತ್ತು ಮಿಕ್ ಬೋವರ್ ಅವರದನ್ನು ತಗೊಳ್ಳಿ. ಅದು ನನಗೆ ಅಂಗಡಿಗಳಲ್ಲಿ ಕಾಣುವುದು ಅಪರೂಪ.